ಯಂತ್ರದೊಳಗಿನ ತೀರ್ಮಾನಗಳು



ಸಿಇಟಿ ರ‍್ಯಾಂಕ್ ಪಟ್ಟಿ ಹೊರಬಿದ್ದ ವಾರ ನನ್ನಂಥ ನಿವೃತ್ತ ಮೇಷ್ಟ್ರುಗಳ ಫೋನಿಗೆ ಬಿಡುವಿರುವುದಿಲ್ಲ. ‘ಸರ್, ಸಿಎಸ್ ತಗೊಳ್ಳಲಾ, ಐಎಸ್ ತಗೊಳ್ಳಲಾ?’ ಎಂದು ಕೇಳುವವರು ಹುಡುಗರಲ್ಲ, ಅವರ ಅಪ್ಪಂದಿರು. ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್ ಎರಡರ ಪಠ್ಯವೂ ಬಹುಪಾಲು ಒಂದೇ, ಯಾವುದು ಸಿಕ್ಕರೂ ತಗೊಳ್ಳಿ ಎಂದರೆ ಅವರಿಗೆ ಸಮಾಧಾನವಾಗುವುದಿಲ್ಲ. ಎಲ್ಲರೂ ಸಂಬಳ ಎಷ್ಟು ಎಂದು ಕೇಳುತ್ತಾರೆ. ಓದು ಮುಗಿಸಿ ಹೊರಬಂದ ಮಗಳಿಗೆ ಹೊಸದಾಗಿ ಏನು ಮಾಡಲು ಬಂದಿರುತ್ತದೆ ಎಂದು ಕೇಳಿದವರು ತೀರಾ ಕಡಿಮೆ. ಇವತ್ತಿನ ಉಪನ್ಯಾಸವನ್ನು ಆ ಕೇಳದ ಪ್ರಶ್ನೆಗೇ ಮೀಸಲಿಡುತ್ತೇನೆ. ಇಂಜಿನಿಯರಿಂಗ್ ಇರಲಿ, ಬಿಸಿಎ ಇರಲಿ, ಎಂಸಿಎ ಇರಲಿ, ಎಲ್ಲವನ್ನೂ ಮಾಹಿತಿ ವಿಜ್ಞಾನ ಎಂದೇ ಕರೆಯುತ್ತೇನೆ.

ಬ್ಯಾಂಕಿನ ಕೌಂಟರಿನಲ್ಲೋ ನಾಡಕಚೇರಿಯಲ್ಲೋ ನಿಂತಾಗ ನಾವೆಲ್ಲ ಕೇಳಿರುವ ಒಂದು ಮಾತಿದೆ: ‘ಸಿಸ್ಟಮ್ ತಗೊಳ್ತಾ ಇಲ್ಲ ಸಾರ್.’ ಹಾಗೆ ಹೇಳಿದ ಮೇಲೆ ಮಾತು ಮುಗಿಯಿತು. ಮಳೆ ಬರಲಿಲ್ಲ ಎಂದಾಗ ಯಾರ ಮೇಲೆ ಜಗಳ ಆಡುತ್ತೀರಿ? ಆದರೆ ಸಿಸ್ಟಮ್ ತಾನಾಗಿ ಏನನ್ನೂ ಬೇಡ ಎನ್ನುವುದಿಲ್ಲ. ಇಷ್ಟು ಅಕ್ಷರದ ಹೆಸರನ್ನು ಮಾತ್ರ ತೆಗೆದುಕೋ, ಈ ಕಾಲಂ ಖಾಲಿ ಇದ್ದರೆ ಮುಂದೆ ಬಿಡಬೇಡ ಎಂದು ಯಾರೋ ಒಬ್ಬರು ಯಾವತ್ತೋ ತೀರ್ಮಾನಿಸಿರುತ್ತಾರೆ. ಆ ತೀರ್ಮಾನ ಎಲ್ಲಿ ಕುಳಿತಿದೆ ಎಂದು ಕಂಡುಹಿಡಿಯುವುದು, ಬೇಕಾದಾಗ ತಾನೇ ತೀರ್ಮಾನಿಸುವುದು, ತೀರ್ಮಾನಿಸಿದ್ದಕ್ಕೆ ಜವಾಬು ಕೊಡುವುದು: ಮಾಹಿತಿ ವಿಜ್ಞಾನ ಕಲಿಸುವ ಮುಖ್ಯ ಕೌಶಲ ಇದು ಎಂಬುದು ನನ್ನ ವಾದ. ಕೋಡ್ ಬರೆಯುವುದು ಅದರ ಒಂದು ಭಾಗ ಮಾತ್ರ.

ಪ್ರಯೋಗಾಲಯದ ಒಂದು ಸಣ್ಣ ಲೆಕ್ಕದಿಂದ ಶುರುಮಾಡೋಣ. ಮೊದಲ ಸೆಮಿಸ್ಟರಿನಲ್ಲೇ ಎಲ್ಲರೂ ಮಾಡುವ ಪ್ರೋಗ್ರಾಂ ಒಂದಿದೆ. ಕೊಟ್ಟ ಪದವನ್ನು ತಿರುಗುಮುರುಗು ಮಾಡುವುದು. ಇಂಗ್ಲಿಷ್ ಪದ ಕೊಟ್ಟರೆ ಎರಡು ಸಾಲಿನಲ್ಲಿ ಮುಗಿಯುತ್ತದೆ. ಅದೇ ಪ್ರೋಗ್ರಾಮಿಗೆ ‘ಕನ್ನಡ’ ಎಂದು ಕೊಡಿ. ‘ಡನ್ನಕ’ ಎಂದು ಬರುತ್ತದೆ. ಸರಿಯಾಗಿದೆ. ಹುಡುಗರು ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಳ್ಳಲು ಏಳುತ್ತಾರೆ. ಕೂರಿಸಿ, ‘ಕರ್ನಾಟಕ’ ಕೊಡಿ ಎನ್ನಬೇಕು. ‘ಕಟರ್ನಾಕ’ ಎಂದು ಬರಬೇಕಾದಲ್ಲಿ ‘ಕಟಾನ್ರಕ’ ಎಂದು ಬರುತ್ತದೆ. ನಕಾರದ ದೀರ್ಘ ಟಕಾರಕ್ಕೆ ಹಾರಿದೆ, ಅರ್ಕಾವೊತ್ತು ಮಾಯವಾಗಿ ರಕಾರ ಒತ್ತಕ್ಷರವಾಗಿದೆ. ‘ಮೈಸೂರು’ ಕೊಟ್ಟರಂತೂ ಕೊಂಬು ಎಲ್ಲರಿಗಿಂತ ಮುಂದೆ ಬಂದು, ಆತುಕೊಳ್ಳಲು ಅಕ್ಷರವಿಲ್ಲದೆ ಚುಕ್ಕೆಗಳ ಒಂದು ಸುತ್ತಿಗೆ ತಗುಲಿಕೊಂಡು ನಿಲ್ಲುತ್ತದೆ.

ಕಾರಣ ಸರಳ. ನಮ್ಮ ಕಣ್ಣಿಗೆ ‘ಕನ್ನಡ’ ಎಂದರೆ ಮೂರು ಅಕ್ಷರ. ಅಕ್ಷರಗಳಿಗೆ ಸಂಕೇತಸಂಖ್ಯೆ ಕೊಡುವ ಯೂನಿಕೋಡ್ ಪ್ರಕಾರ ಅದರಲ್ಲಿರುವುದು ಐದು ಸಂಕೇತ: ಕ, ನ, ವಿರಾಮ, ನ, ಡ. ಯುಟಿಎಫ್-8 ಕ್ರಮದಲ್ಲಿ ಉಳಿಸಿದರೆ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 15 ಬೈಟ್. ಹಾಗಾದರೆ ಪದದ ಉದ್ದ ಮೂರೋ, ಐದೋ, ಹದಿನೈದೋ? ಕೇಳಿದ ಉದ್ದೇಶದ ಮೇಲೆ ಉತ್ತರ ನಿಲ್ಲುತ್ತದೆ. ಡಿಸ್ಕಿನಲ್ಲಿ ಎಷ್ಟು ಜಾಗ ಬೇಕು ಎಂದರೆ ಹದಿನೈದು, ಪದಬಂಧದಲ್ಲಿ ಎಷ್ಟು ಮನೆ ಬೇಕು ಎಂದರೆ ಮೂರು. ಅರ್ಜಿ ನಮೂನೆ ಮಾಡುವವನು ಬೈಟ್ ಎಣಿಸಿ ಮಿತಿ ಹಾಕಿದ್ದರೆ, ಇಂಗ್ಲಿಷಿನಲ್ಲಿ ಹಿಡಿಯುವ ಹೆಸರು ಕನ್ನಡದಲ್ಲಿ ಅರ್ಧಕ್ಕೇ ತುಂಡಾಗುತ್ತದೆ.

ಈ ಲೆಕ್ಕದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ‘ಕನ್ನಡ’ ಎಂಬ ಪದಕ್ಕೆ ಸರಿ ಉತ್ತರ ಬಂದದ್ದು. ‘ನ್ನ’ ಎಂಬುದನ್ನು ಹಿಂದಿನಿಂದ ಓದಿದರೂ ನ, ವಿರಾಮ, ನ ಎಂದೇ ಬರುವುದರಿಂದ ತಪ್ಪು ಪ್ರೋಗ್ರಾಂ ಸರಿ ಉತ್ತರ ಕೊಟ್ಟಿತು. ಒಂದು ಉದಾಹರಣೆಗೆ ಸರಿ ಬಂದರೆ ಎಲ್ಲಕ್ಕೂ ಸರಿ ಎಂದಲ್ಲ ಎಂಬುದನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ. ಇಲ್ಲಿ ಕಣ್ಣೆದುರೇ ಇದೆ. ತನ್ನ ಕೆಲಸವನ್ನು ತಾನೇ ಕೆಡಿಸಲು ಹೊರಡುವ, ಯಾವ ಪದ ಕೊಟ್ಟರೆ ಇದು ಎಡವುತ್ತದೆ ಎಂದು ಹುಡುಕುವ ಅಭ್ಯಾಸಕ್ಕೆ ನಾವು ಟೆಸ್ಟಿಂಗ್ ಎನ್ನುತ್ತೇವೆ. ಬೇರೆ ಓದುಗಳಲ್ಲಿ ಪರೀಕ್ಷೆ ಮಾಡುವವರು ಬೇರೆಯವರು. ಇಲ್ಲಿ ನಾವೇ.

ಕನ್ನಡದ ಮಾತು ಬಂದಿದ್ದರಿಂದ ಇನ್ನೆರಡು ಸಂಗತಿ ಹೇಳಿಬಿಡುತ್ತೇನೆ. ಪದಗಳನ್ನು ಬರೀ ಸಂಕೇತದ ಸಂಖ್ಯೆಯ ಪ್ರಕಾರ ಜೋಡಿಸಿದರೆ ‘ಬಳೆ’ ಮೊದಲು ಬಂದು ‘ಬಸ್ಸು’ ಆಮೇಲೆ ಬರುತ್ತದೆ. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಆಚೆ, ಕೊನೆಯಲ್ಲಿ ಕುಳಿತಿದೆ. ಯೂನಿಕೋಡಿನಲ್ಲಿ ಅದರ ಜಾಗ ಲಕಾರದ ಪಕ್ಕ. ಭಾರತದ ಹಲವು ಲಿಪಿಗಳನ್ನು ಒಂದೇ ಅಚ್ಚಿನಲ್ಲಿ ಕೂರಿಸಿದ ಇಸ್ಕಿ ಎಂಬ 1988ರ ಸಂಕೇತ ಕ್ರಮವನ್ನೇ ಯೂನಿಕೋಡ್ ಅನುಸರಿಸಿದ್ದರಿಂದ ಹೀಗಾಯಿತು. ತಪ್ಪೆಂದು ನಾನು ಹೇಳುವುದಿಲ್ಲ, ಅದೊಂದು ತೀರ್ಮಾನ. ಗೊತ್ತಿದ್ದವರು ಜೋಡಿಸುವ ನಿಯಮವನ್ನು ಬೇರೆಯಾಗಿ ಬರೆದುಕೊಳ್ಳುತ್ತಾರೆ. ಗೊತ್ತಿಲ್ಲದವರು ‘ಕಂಪ್ಯೂಟರ್ ಹೀಗೇ ಕೊಡುತ್ತೆ’ ಎಂದು ನಿಘಂಟನ್ನೇ ಅಚ್ಚು ಹಾಕಿಬಿಡುತ್ತಾರೆ.

ಎರಡನೆಯದು ‘ಗೋಪಾಲ’ ಎಂಬ ಹೆಸರು. ಇದರ ‘ಗೋ’ ಅಕ್ಷರವನ್ನು ಗಕಾರಕ್ಕೆ ಓಕಾರದ ಒಂದೇ ಚಿಹ್ನೆ ಸೇರಿಸಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ದೀರ್ಘದ ಗುರುತು ಎಂದು ಬಿಡಿಬಿಡಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಮಾತ್ರ ಅವರು ಇಬ್ಬರು ಗೋಪಾಲರು. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಹಳೆಯ ‘ನುಡಿ’ ತಂತ್ರಾಂಶದ ಕಡತವನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದು, ಅರ್ಥವಾಗದ ಗೋಜಲು ಕಂಡು ತಲೆ ಚಚ್ಚಿಕೊಂಡವರು ಈ ಸಭೆಯಲ್ಲೂ ಇದ್ದೀರಿ. ಕಾಣುವುದು ಬೇರೆ, ಇರುವುದು ಬೇರೆ ಎಂಬ ವಿವೇಕ ನಿಮಗೆ ಆಗಲೇ ಅರ್ಧ ಬಂದಿದೆ.

ಇನ್ನು ಪ್ರಯೋಗಾಲಯ ಬಿಟ್ಟು ತಾಲ್ಲೂಕು ಕಚೇರಿಗೆ ಹೋಗೋಣ. ಶತಮಾನ ಬದಲಾಗುವ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಶಾನುಭೋಗರ ಕಾಲದಿಂದ ಕೈಬರಹದಲ್ಲಿದ್ದ ಜಮೀನಿನ ದಾಖಲೆ ತಾಲ್ಲೂಕಿನ ಕಿಯೋಸ್ಕಿನಲ್ಲಿ 15 ರೂಪಾಯಿಗೆ ಮುದ್ರಿತವಾಗಿ ಕೈಗೆ ಬಂತು. ನಮ್ಮ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ.

ಅದರಲ್ಲಿ ರೈತರ ಹೆಸರನ್ನೇ ನೋಡಿ. ಡೇಟಾಬೇಸಿನ ಪರದೇಶದ ಪುಸ್ತಕಗಳಲ್ಲಿ ಹೆಸರಿಗೆ ಎರಡು ಕಾಲಂ: ವ್ಯಕ್ತಿಯದೊಂದು, ಮನೆತನದ್ದೊಂದು. ಪಹಣಿಯಲ್ಲಿ ಇರುವುದು ‘ಶಿವಣ್ಣ ಬಿನ್ ಕರಿಯಪ್ಪ’, ‘ಲಕ್ಷ್ಮಮ್ಮ ಕೋಂ ರಾಮಯ್ಯ’. ಇಲ್ಲಿ ‘ಬಿನ್’, ‘ಕೋಂ’ ಎಂಬವು ಹೆಸರಿನ ತುಂಡುಗಳಲ್ಲ, ಇಬ್ಬರ ನಡುವಿನ ಸಂಬಂಧಗಳು. ಅವನ್ನು ಹೆಸರಿನೊಳಗೇ ತುರುಕಿದರೆ ಲಕ್ಷ್ಮಮ್ಮನ ಹೆಸರಿನ ಜಮೀನು ಎಷ್ಟು ಎಂದು ಹುಡುಕುವಾಗ ರಾಮಯ್ಯನೂ ಬಂದು ಅಡ್ಡ ನಿಲ್ಲುತ್ತಾನೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಸಂಬಂಧಾತ್ಮಕ ಮಾದರಿಯ ಲೇಖನ ಪ್ರಕಟಿಸಿದಾಗ ಕೋಂ ಎಂದರೆ ಏನೆಂದು ಅವರಿಗೆ ತಿಳಿದಿರಲಾರದು. ಆದರೆ ಅವರು ಹಾಕಿಕೊಟ್ಟ ದಾರಿಯಲ್ಲಿ ಯೋಚಿಸುವ ನಮ್ಮ ಹುಡುಗಿ, ಜಂಟಿ ಖಾತೆಯಲ್ಲಿ ಐದು ಜನ ಅಣ್ಣತಮ್ಮಂದಿರಿದ್ದರೆ ಏನು ಮಾಡಲಿ, ಒಬ್ಬರು ತೀರಿಕೊಂಡು ಪೌತಿ ಖಾತೆ ಇನ್ನೂ ಆಗಿಲ್ಲದಿದ್ದರೆ ಯಾರ ಹೆಸರು ಬರೆಯಲಿ ಎಂದು ಕೇಳುತ್ತಾಳೆ. ಕೇಳಲು ಗ್ರಾಮ ಲೆಕ್ಕಿಗರ ಹತ್ತಿರ ಹೋಗುತ್ತಾಳೆ. ಹಾಗೆ ಹೋಗಿ ಕೇಳುವುದು, ಅವರು ಹೇಳಿದ್ದನ್ನು ಅವರೇ ಒಪ್ಪುವಂತೆ ಬರೆದುಕೊಳ್ಳುವುದು ದೊಡ್ಡ ಕೌಶಲ. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಅದಕ್ಕೆ ಎರಡಂಕದ ಪ್ರಶ್ನೆಯೂ ಇರುವುದಿಲ್ಲ.

ಹೆಸರಿನಂತೆಯೇ ಪಹಣಿಯ ಸರ್ವೆ ನಂಬರೂ ತೊಡಕು. ಅದನ್ನು ಪಠ್ಯವೆಂದು ಉಳಿಸಿದರೆ 1, 10, 100, 11, 2 ಎಂದು ಸಾಲು ನಿಲ್ಲುತ್ತದೆ. ಸಂಖ್ಯೆಯೆಂದು ಉಳಿಸಲು ಹೋದರೆ 5/2 ಎಂಬ ಹಿಸ್ಸಾ ನಂಬರಿಗೆ ಜಾಗವಿಲ್ಲ. ಎಕ್ಸೆಲ್‌ಗೆ ಕೊಟ್ಟರೆ ಅದನ್ನು ಸೀದಾ ತಾರೀಖು ಮಾಡಿ ಕೂರುತ್ತದೆ. ನಗಬೇಡಿ, ಜೀವವಿಜ್ಞಾನಿಗಳೂ ಇದರ ಕೈಲಿ ಸೋತಿದ್ದಾರೆ. ‘ಮಾರ್ಚ್1’, ‘ಸೆಪ್ಟ್1’ ಎಂಬಂಥ ಸಂಕೇತನಾಮದ ಜೀನುಗಳನ್ನು ಎಕ್ಸೆಲ್ ತಿಂಗಳು ಎಂದುಕೊಂಡು ವರ್ಷಗಟ್ಟಲೆ ಕೆಡಿಸಿದ ಮೇಲೆ, ಮನುಷ್ಯರ ಜೀನುಗಳಿಗೆ ಹೆಸರಿಡುವ ಸಮಿತಿ 2020ರ ಹೊತ್ತಿಗೆ ಆ ಜೀನುಗಳ ಹೆಸರನ್ನೇ ಬದಲಿಸಿತು. ಆಗ ಎಕ್ಸೆಲ್ ಜಗ್ಗಲಿಲ್ಲ, ವಿಜ್ಞಾನ ಜಗ್ಗಿತು.

ಭೂಮಿ ಯೋಜನೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕೆಂದು ತಂತ್ರಾಂಶದಲ್ಲೇ ಕಟ್ಟು ಹಾಕಿದರು. ಅಧಿಕಾರಿಗಳು ಬೆರಳಚ್ಚು ಕೊಟ್ಟು ಒಳಹೋಗಬೇಕಿತ್ತು, ಹಾಗಾಗಿ ಯಾರು ಏನು ಮಾಡಿದರು ಎಂಬುದು ದಾಖಲಾಗುತ್ತಿತ್ತು. ಮೊದಲು ಬಂದವರು ಮೊದಲು ಹೊರಡುವ ಸಾಲನ್ನು ನಮ್ಮ ಹುಡುಗರು ಎರಡನೇ ಸೆಮಿಸ್ಟರಿನಲ್ಲೋ ಮೂರನೆಯದರಲ್ಲೋ ‘ಕ್ಯೂ’ ಎಂದು ಕಲಿಯುತ್ತಾರೆ. ಚಿತ್ರ ಬರೆದು, ಹತ್ತಂಕ ಪಡೆದು ಮರೆಯುತ್ತಾರೆ. ಅದೇ ಕ್ಯೂ ತಾಲ್ಲೂಕು ಕಚೇರಿಯಲ್ಲಿ ಪ್ರಭಾವಿಯ ಕಡತ ಮೇಲಕ್ಕೆ ಬರದಂತೆ ತಡೆಯುವ ಆಡಳಿತ ನೀತಿ. ವಿಮರ್ಶೆಯೂ ಬಂತು. ದಾಖಲೆ ಒಂದೆಡೆ ಸೇರಿದ್ದರಿಂದ ದೊಡ್ಡ ಪ್ರಮಾಣದಲ್ಲಿ ಜಮೀನು ಕೊಳ್ಳುವವರಿಗೆ ಅನುಕೂಲವಾಯಿತು, ಸ್ಥಳೀಯರ ಹಿಡಿತ ತಪ್ಪಿತು ಎಂದು ಬರೆದ ಸಂಶೋಧಕರಿದ್ದಾರೆ. ಎರಡನ್ನೂ ಒಟ್ಟಿಗೆ ಇಟ್ಟು ತರಗತಿಯಲ್ಲಿ ಚರ್ಚಿಸಬೇಕು. ಯಾರ ಕೈಗೆ ಏನು ಸುಲಭವಾಯಿತು ಎಂದು ಕೇಳದವರನ್ನು ಮಾಹಿತಿ ವಿಜ್ಞಾನ ಓದಿದವರೆಂದು ನಾನು ಒಪ್ಪುವುದಿಲ್ಲ.

ಈಗ ಫಲಾನುಭವಿಗಳ ಎರಡು ಪಟ್ಟಿಗಳನ್ನು ತಾಳೆ ನೋಡುವ ಕೆಲಸಕ್ಕೆ ಬನ್ನಿ. ಒಂದರಲ್ಲಿ ‘ಸಿದ್ದಪ್ಪ’, ಇನ್ನೊಂದರಲ್ಲಿ ‘ಸಿದ್ಧಪ್ಪ’. ಒಬ್ಬನೇ ಇರಬಹುದು, ಇಬ್ಬರಿರಬಹುದು. ಅಕ್ಷರಕ್ಕೆ ಅಕ್ಷರ ಹೊಂದಲೇಬೇಕು ಎಂದು ಬಿಗಿ ಮಾಡಿದರೆ ನಿಜವಾದ ಫಲಾನುಭವಿ ಅಫಿಡವಿಟ್ ಹಿಡಿದು ಅಲೆಯುತ್ತಾನೆ. ಸಡಿಲ ಬಿಟ್ಟರೆ ಒಬ್ಬನ ದುಡ್ಡು ಇನ್ನೊಬ್ಬನ ಖಾತೆಗೆ ಹೋಗುತ್ತದೆ. ಬಿಗಿ ಮಾಡಿದಷ್ಟೂ ಮೊದಲನೆಯ ತಪ್ಪು ಹೆಚ್ಚುತ್ತದೆ, ಸಡಿಲಿಸಿದಷ್ಟೂ ಎರಡನೆಯದು. ಎರಡನ್ನೂ ಒಟ್ಟಿಗೆ ಸೊನ್ನೆ ಮಾಡುವ ಯಾವ ಉಪಾಯವೂ ಹೆಸರುಗಳಲ್ಲಿ ಇಲ್ಲ. ಯಾವ ತಪ್ಪು ಹೆಚ್ಚು ಕೆಟ್ಟದ್ದು ಎಂದು ಗಣಿತ ಹೇಳುವುದಿಲ್ಲ. ಎಷ್ಟು ಬಿಗಿಗೆ ಎಷ್ಟು ಜನ ಹೊರಗುಳಿಯುತ್ತಾರೆ ಎಂದು ಅಳೆದು, ಆ ಲೆಕ್ಕವನ್ನು ತೀರ್ಮಾನಿಸುವವರ ಮುಂದಿಡುವುದು ಓದಿದವರ ಕೆಲಸ. ಬಹಳ ಸಲ ಅದನ್ನು ಯಾರೂ ಮುಂದಿಡುವುದಿಲ್ಲ, ಪ್ರೋಗ್ರಾಮರ್ ಒಬ್ಬ ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ಒಂದು ಸಂಖ್ಯೆ ಬರೆದು ಎದ್ದುಹೋಗಿರುತ್ತಾನೆ.

ಪಟ್ಟಿಗಳ ಗಾತ್ರದ ಅಂದಾಜೂ ಬೇಕು. ಒಂದು ಲಕ್ಷ ಹೆಸರಿನ ಪಟ್ಟಿಯಲ್ಲಿ ಎರಡು ಸಲ ಬಂದವರನ್ನು ಹುಡುಕಲು ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಹೋಲಿಸಿದರೆ ಸುಮಾರು 500 ಕೋಟಿ ಹೋಲಿಕೆಗಳಾಗುತ್ತವೆ. ಮೊದಲು ಅಕಾರಾದಿಯಲ್ಲಿ ಜೋಡಿಸಿ ಪಕ್ಕಪಕ್ಕದವನ್ನು ನೋಡಿದರೆ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹತ್ತು ಲಕ್ಷ ಹೆಸರುಗಳ ಜೋಡಿಸಿದ ಪಟ್ಟಿಯಲ್ಲಿ ಒಂದು ಹೆಸರನ್ನು ಅರ್ಧರ್ಧ ಸೀಳಿಕೊಂಡು ಹುಡುಕಿದರೆ 20 ಹೆಜ್ಜೆ ಸಾಕು. ದುಬಾರಿ ಯಂತ್ರ ಕೊಳ್ಳುವ ಟೆಂಡರ್ ಕರೆಯುವ ಮುನ್ನ ಕಾಗದದ ಮೇಲೆ ಇಂಥ ಲೆಕ್ಕ ಹಾಕಿದವರು ಎಷ್ಟೋ ಹಣ ಉಳಿಸಬಲ್ಲರು.

ಅಂದಾಜು ತಪ್ಪಿದರೆ ಹಣವಷ್ಟೇ ಹೋಗುವುದಿಲ್ಲ. ಹತ್ತರಲ್ಲಿ ಒಂದು ಎಂಬ ಭಿನ್ನರಾಶಿ ನಮಗೆ 0.1, ಎರಡಂಕಿಯ ಪದ್ಧತಿಯಲ್ಲಿ ಅದು ಮುಗಿಯದ ಸಾಲು, ಎಲ್ಲಾದರೂ ಕತ್ತರಿಸಲೇಬೇಕು. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸುತ್ತಿತ್ತು. ಹೀಗೆ ಕತ್ತರಿಸಿದ ಚೂರು ಸುಮಾರು 100 ಗಂಟೆ ನಿಲ್ಲಿಸದೆ ಓಡಿಸಿದಾಗ ಸೆಕೆಂಡಿನ ಮೂರನೇ ಒಂದರಷ್ಟು ಬೆಳೆದಿತ್ತು. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅದು ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ತಪ್ಪು ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು. ರೂಪಾಯಿಯ ಲೆಕ್ಕವನ್ನು ದಶಾಂಶದಲ್ಲಿ ಇಡಬೇಡ, ಪೈಸೆಯ ಪೂರ್ಣಾಂಕದಲ್ಲಿ ಇಡು ಎಂದು ಮೇಷ್ಟ್ರು ಗದರಿಸುವುದರ ಹಿಂದೆ ಇರುವುದೂ ಇದೇ ಗಣಿತ.

ಯಾವ ಯಂತ್ರವೂ ಮಾಡಲಾರದ ಲೆಕ್ಕಗಳಿವೆ ಎಂದು ಅಲನ್ ಟ್ಯೂರಿಂಗ್ 1936ರಲ್ಲೇ ತೋರಿಸಿಕೊಟ್ಟಿದ್ದನ್ನೂ ನಮ್ಮವರು ಓದುತ್ತಾರೆ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಅದು ನಿಲ್ಲುತ್ತದೋ ಇಲ್ಲವೋ ಎಂದು ಹೇಳಬಲ್ಲ ಒಂದೇ ಪ್ರೋಗ್ರಾಂ ಅಸಾಧ್ಯ. ಎಲ್ಲ ದೋಷವನ್ನೂ ತಾನೇ ಹಿಡಿದುಕೊಡುವ ತಂತ್ರಾಂಶ ನಮ್ಮಲ್ಲಿದೆ ಎಂದು ಮಾರಾಟಗಾರ ಬಂದರೆ ಇಷ್ಟು ಓದಿದವರು ಹುಬ್ಬೇರಿಸುತ್ತಾರೆ. ಅಷ್ಟು ಸಾಕು.

ಬರೆದದ್ದನ್ನು ಓದುವ ಕೌಶಲದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂತು. ಅಲ್ಲಿ ಪಾಠ ಮಾಡಿದವರಲ್ಲಿ ವಿ. ರಾಜಾರಾಮನ್, ಎಚ್.ಎನ್. ಮಹಾಬಲ ಇದ್ದರು. ರಾಜಾರಾಮನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಅಗ್ಗದ ಬೆಲೆಯ ಅವರ ಪುಸ್ತಕಗಳಿಂದಲೇ ನನ್ನ ತಲೆಮಾರಿನ ಬಹಳ ಮಂದಿ ಕಲಿತದ್ದು. ಎಂಸಿಎ ಪದವಿ ಶುರುವಾದುದರ ಹಿಂದೆ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿತ್ತು. ಆ ಕಾಲದಲ್ಲಿ ಪ್ರೋಗ್ರಾಂ ಎಂದರೆ ರಂಧ್ರ ಕೊರೆದ ಕಾರ್ಡುಗಳ ಕಟ್ಟು. ಕಟ್ಟು ಕೊಟ್ಟು ಕಾದು, ಉತ್ತರದ ಬದಲು ಅಲ್ಪವಿರಾಮ ಬಿಟ್ಟುಹೋಗಿದೆ ಎಂಬ ಸಾಲು ಬಂದರೆ ಮತ್ತೆ ಸರದಿ. ಹಾಗಾಗಿ ಕೊಡುವ ಮುನ್ನ ತಮ್ಮ ಕಾರ್ಡುಗಳನ್ನು ತಾವೇ ಹತ್ತು ಸಲ ಓದುತ್ತಿದ್ದರು. ಯಂತ್ರ ತಾನೇನು ಮಾಡುತ್ತದೆ ಎಂದು ಮೊದಲು ತಲೆಯಲ್ಲಿ ಓಡಿಸಿ ನೋಡುತ್ತಿದ್ದರು. ಈಗ ಗುಂಡಿ ಒತ್ತಿದರೆ ಅರೆಕ್ಷಣದಲ್ಲಿ ಉತ್ತರ. ಹುಡುಗರು ಯೋಚಿಸುವ ಮುಂಚೆ ಒತ್ತುತ್ತಾರೆ, ಆಮೇಲೆ ಅಲ್ಲೊಂದು ಇಲ್ಲೊಂದು ಬದಲಿಸಿ ಮತ್ತೆ ಒತ್ತುತ್ತಾರೆ. ಹಳೆಯ ಕಷ್ಟ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಓದುವ ಚಟ ಮಾತ್ರ ಬರಲಿ.

ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರ ಒಂದು ಪ್ರಬಂಧದಲ್ಲಿ ಈ ಓದಿನ ಮಾತನ್ನು ಇನ್ನೂ ಮುಂದಕ್ಕೆ ಒಯ್ದರು. ಪ್ರೋಗ್ರಾಮಿನ ಜೀವ ಇರುವುದು ಕಟ್ಟಿದವರ ತಿಳಿವಳಿಕೆಯಲ್ಲಿ, ಅವರು ಬಿಟ್ಟುಹೋದರೆ ಕೋಡ್ ಪೂರ್ತಿ ಕೈಯಲ್ಲಿದ್ದರೂ ಅದು ಸತ್ತಂತೆ ಎಂಬುದು ಅವರ ವಾದದ ತಿರುಳು. ಹತ್ತು ವರ್ಷ ಹಿಂದಿನ ಸರ್ಕಾರಿ ತಂತ್ರಾಂಶವನ್ನು ಮುಟ್ಟಲು ಎಲ್ಲರೂ ಏಕೆ ಹೆದರುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಗೊತ್ತಿಲ್ಲ. ಏಕೆ ಹೀಗೆ ಮಾಡಿದೆವು ಎಂದು ಎರಡು ವಾಕ್ಯ ಬರೆದಿಡುವುದು, ಗೆಳೆಯನ ಕೋಡ್ ಓದಿ ನೋವಾಗದಂತೆ ತಪ್ಪು ತೋರಿಸುವುದು, ತನ್ನದನ್ನು ಬೇರೆಯವರು ತಿದ್ದಿದಾಗ ಮುಖ ಸಪ್ಪೆ ಮಾಡಿಕೊಳ್ಳದಿರುವುದು, ಇವೆಲ್ಲ ಕಾಲೇಜಿನಲ್ಲೇ ಬರಬೇಕಾದ ಗುಣಗಳು. ಬರೆದಿಡುವ ಭಾಷೆ ಇಂಗ್ಲಿಷೇ ಆಗಬೇಕಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಮೊದಲು ಕನ್ನಡದಲ್ಲಿ ಬಿಡಿಸಿ ಬರೆದು ಆಮೇಲೆ ಪ್ರೋಗ್ರಾಮಿಗೆ ಇಳಿಸಿದರೆ ಅವನ ತರ್ಕ ತಿಳಿಯಾಗಿರುವುದನ್ನು ಬೇಕಾದಷ್ಟು ಸಲ ಕಂಡಿದ್ದೇನೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಾಗಿನಿಂದ ಅಪ್ಪಂದಿರ ಪ್ರಶ್ನೆಯೂ ಬದಲಾಗಿದೆ. ಕೋಡನ್ನು ಯಂತ್ರವೇ ಬರೆಯುವಾಗ ನಾಲ್ಕು ವರ್ಷ ಏಕೆ ಓದಬೇಕು ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಕೋಡ್ ಬರೆಯುವ ಕೂಲಿ ಅಗ್ಗವಾಗಿದೆ, ಅದಷ್ಟನ್ನೇ ಕಲಿತವರಿಗೆ ಕಷ್ಟವಿದೆ, ಸುಳ್ಳು ಭರವಸೆ ಕೊಡಲಾರೆ. ಆದರೆ ಪದ ತಿರುಗಿಸುವ ಪ್ರೋಗ್ರಾಮನ್ನು ಯಂತ್ರದ ಕೈಲೇ ಬರೆಸಿ ‘ಕನ್ನಡ’ ಎಂದು ಕೊಟ್ಟು ನೋಡಿ ಸರಿಯಿದೆ ಎಂದು ನಂಬುವವರಿಗೂ, ‘ಕರ್ನಾಟಕ’ ಕೊಟ್ಟು ನೋಡುವವರಿಗೂ ಇರುವ ಅಂತರ ಮೊದಲಿಗಿಂತ ದೊಡ್ಡದಾಗಿದೆ. ಮೊದಲು ಒಬ್ಬ ಅರೆಬರೆ ಕಲಿತವನು ದಿನಕ್ಕೆ ನೂರು ಸಾಲು ತಪ್ಪು ಬರೆಯುತ್ತಿದ್ದ. ಈಗ ಅವನೇ ಸಾವಿರಾರು ಸಾಲು ಬರೆಸಬಲ್ಲ.

ಕಾಲೇಜುಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ಪಕ್ಷಪಾತವಾದೀತು. ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಗ್ರಂಥಾಲಯ ನಿರ್ವಹಣೆ, ಆಸ್ಪತ್ರೆ ನಿರ್ವಹಣೆ, ಹಾಜರಾತಿ. ಬೇಕಾದ ಬಣ್ಣದ ರಟ್ಟು ಹಾಕಿಸಿ ರೆಡಿಮೇಡ್ ಕೊಡುವ ಅಂಗಡಿಗಳಿವೆ. ಯಾರೂ ಏನನ್ನೂ ತೀರ್ಮಾನಿಸಿರುವುದಿಲ್ಲ, ಹಾಗಾಗಿ ವೈವಾದಲ್ಲಿ ಕೇಳಲು ಏನೂ ಉಳಿದಿರುವುದಿಲ್ಲ. ಇದಕ್ಕೆ ಹುಡುಗರನ್ನಷ್ಟೇ ಬೈದು ಪ್ರಯೋಜನವಿಲ್ಲ. ಒಬ್ಬ ಮೇಷ್ಟ್ರ ಪಾಲಿಗೆ ಹತ್ತಾರು ಪ್ರಾಜೆಕ್ಟ್ ಬಿದ್ದರೆ ಅವರು ರಟ್ಟಿನ ಬಣ್ಣವನ್ನೇ ನೋಡುತ್ತಾರೆ.

ಈ ಕಾಲೇಜಿನಲ್ಲಿ ಬೇರೆ ಥರ ಮಾಡಬಹುದು. ಈ ತಾಲ್ಲೂಕಿನ ಊರುಗಳ ಹೆಸರುಗಳು ಪಹಣಿಯಲ್ಲಿ ಒಂದು ಥರ, ಬಸ್ಸಿನ ಬೋರ್ಡಿನಲ್ಲಿ ಇನ್ನೊಂದು ಥರ, ಮತದಾರರ ಪಟ್ಟಿಯಲ್ಲಿ ಮತ್ತೊಂದು ಥರ ಇವೆ. ಅವನ್ನು ತಾಳೆ ಹಾಕುವ ಒಂದು ತಂತ್ರಾಂಶ ಮಾಡಿ. ಯಾವುದನ್ನು ಒಂದೇ ಊರು ಎಂದು ಒಪ್ಪಿದಿರಿ, ಯಾವುದನ್ನು ಬೇರೆ ಎಂದಿರಿ, ಯಾರನ್ನು ಕೇಳಿ ಹಾಗೆಂದಿರಿ ಎಂದು ಬರೆದಿಡಿ. ಮಾರ್ಚಿನಲ್ಲೋ ಮೇನಲ್ಲೋ ವೈವಾ ಇಟ್ಟಾಗ ಕರೆಯಿರಿ, ಪ್ರಯಾಣಭತ್ಯೆ ಕೇಳದೆ ಬರುತ್ತೇನೆ.